ಹದ್ದುಬಸ್ತು

ಹದ್ದುಬಸ್ತು ಎಂಬ ಮಾತು ನಿಂಗಕ್ಕನಿಗೆ ಹೊಸದೇನೂ ಅಲ್ಲ. ಮದುವೆಯಾಗಿ ಹರಿಯಬ್ಬೆಗೆ ಬಂದ ವಾರದಲ್ಲೇ ಮಾವ ಜಗಲಿಯ ಮೇಲೆ ಕೂತು, ಹೆಂಡತಿಯನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ಕೇಳುವಂತೆಯೇ ಮಗನಿಗೆ ಬುದ್ಧಿ ಹೇಳಿದ್ದರು. ಗಂಡ ಮೆದು ಮನುಷ್ಯ. ಅವನ ಎತ್ತುಗಳೇ ಅವನ ಹದ್ದುಬಸ್ತಿಗೆ ಬರುತ್ತಿರಲಿಲ್ಲ. ಕಾಮಾಲೆಯಾಗಿ ಅವನು ತೀರಿಕೊಂಡ ಮೇಲೆ ಆ ಕೆಲಸ ಭಾವ ಚಿತ್ರಲಿಂಗಪ್ಪನ ಪಾಲಿಗೆ ಬಂತು.

ಚಿತ್ರಲಿಂಗಪ್ಪ ಬೈದವನಲ್ಲ, ಕೈ ಎತ್ತಿದವನಲ್ಲ. ಊರಿಗೆ ನ್ಯಾಯ ಹೇಳುವ ಹಿರಿಯ. ತವರಿಗೆ ಹೋಗುವುದಿದ್ದರೂ ನಿಂಗಕ್ಕ ಅವನನ್ನು ಒಂದು ಮಾತು ಕೇಳಬೇಕು. ಅವಳ ಶೇಂಗಾ ಯಾರಿಗೆ ಮಾರಬೇಕೆಂಬುದನ್ನು ಅವನೇ ಹೇಳಬೇಕು. ಪ್ರತಿ ಮುಂಗಾರಿಗೆ ಅವನ ಟ್ರ್ಯಾಕ್ಟರ್ ಬದುವನ್ನು ಒಂದಿಷ್ಟು ತಿಂದುಕೊಂಡು ಅವಳ ಹೊಲದೊಳಗೆ ಬರುತ್ತಿತ್ತು. ಬದುವಿನ ಈಚೆ ಅವಳ ನೆಲದಲ್ಲಿದ್ದ ಬೇವಿನ ಮರ ನೋಡುನೋಡುತ್ತಲೇ ಅವನ ಹೊಲದ ನಡುವೆ ನಿಂತಿತು.

ಮಗಳು ಮೌನಿಕಾ ಹಿರಿಯೂರಿನಲ್ಲಿ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹದ್ದುಬಸ್ತು ಅಂದರೆ ಹೊಲ ಅಳೆದು ಗಡಿಗೆ ಕಲ್ಲು ನೆಡಿಸುವುದು, ಅದಕ್ಕೆಂದು ಜನ ದಿನಾ ಬಂದು ಅರ್ಜಿ ಹಾಕುತ್ತಾರೆ ಎಂದು ಒಂದು ಸಂಜೆ ಅವಳೇ ಹೇಳಿದ್ದು. ಮುದ್ದೆ ತಿರುವುತ್ತಿದ್ದ ನಿಂಗಕ್ಕನ ಕೈ ನಿಂತಿತು.

“ಅದು ಹೆಂಗಸ್ರಿಗೆ ಅನ್ನೋ ಮಾತಲ್ವೇನೆ?”

“ಮೊದ್ಲು ಹೊಲಕ್ಕವ್ವ. ಆಮೇಲೆ ನಮಗೆ ತಂದು ಹಚ್ಚಿದಾರೆ.”

“ಹಂಗಾದ್ರೆ ನಿಮ್ಮ ದೊಡ್ಡಪ್ಪಗೂ ಒಂದು ಹದ್ದು ಐತೆ ಅನ್ನು,” ಎಂದು ನಿಂಗಕ್ಕ ನಕ್ಕುಬಿಟ್ಟಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. ಮರುವಾರ ಇಬ್ಬರೂ ಅರ್ಜಿ ಹಾಕಿದರು.

ಸರ್ವೆಯವರು ಬಂದ ದಿನ ಚಿತ್ರಲಿಂಗಪ್ಪ ಹೊಲಕ್ಕೇ ಚಹಾ ತರಿಸಿದ. ಅಳತೆಯ ಗೆರೆ ಬೇವಿನ ಮರವನ್ನು ದಾಟಿ ಆಚೆ ಹೋಯಿತು, ಮರ ಮತ್ತೆ ನಿಂಗಕ್ಕನದಾಯಿತು. ಕಲ್ಲು ನೆಡುವಾಗ ಅವನು ತಕರಾರು ತೆಗೆಯಲಿಲ್ಲ. ಸರ್ಕಾರ ಹೇಳಿದ ಮೇಲೆ ಮುಗಿಯಿತು ಎಂದು ಟವೆಲ್ಲು ಕೊಡವಿ ಹೋದ. ನಿಂಗಕ್ಕ ಅವತ್ತು ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡಳು.

ಮಳೆ ಬಿತ್ತು. ಅವಳ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರಲಿಲ್ಲ. ಚಿತ್ರಲಿಂಗಪ್ಪಣ್ಣಾರು ಬೇಡ ಅಂದಿಲ್ಲ, ಆದರೂ ಎಂದು ಡ್ರೈವರುಗಳು ಮುಖ ತಿರುಗಿಸಿದರು. ಜೊತೆಗೆ ಕಳೆ ಕೀಳುತ್ತಿದ್ದ ಭಾಗ್ಯ ಕೂಡ ಮೈಗೆ ಹುಷಾರಿಲ್ಲವೆಂದಳು. ಹೊಲದ ದಾರಿ ಚಿತ್ರಲಿಂಗಪ್ಪನ ಜಮೀನಿನಲ್ಲೇ ಹಾದುಹೋಗುತ್ತಿತ್ತು. ಅದಕ್ಕೆ ಜಾಲಿಮುಳ್ಳಿನ ಬೇಲಿ ಬಿತ್ತು. ನಿಂಗಕ್ಕ ಹಳ್ಳ ಸುತ್ತಿ ಹೋಗಿ, ಗುದ್ದಲಿಯಲ್ಲಿ ಅಗೆದಷ್ಟು ನೆಲಕ್ಕೆ ಬೀಜ ಹಾಕಿದಳು. ಕಾಡುಹಂದಿ ನುಗ್ಗದಂತೆ ರಾತ್ರಿ ಕಾಯಲು ಜನ ಸಿಗಲಿಲ್ಲ. ಅದೂ ಹೋಯಿತು.

ಇಷ್ಟನ್ನು ಅವಳು ತಡೆದುಕೊಂಡಳು. ಆದರೆ ತುರುವನೂರಿನಿಂದ ಮೌನಿಕಾಳನ್ನು ನೋಡಲು ಬಂದವರು ಹುಡುಗಿಯನ್ನು ಒಪ್ಪಿ, ಹೋಗುವಾಗ ವಾಡಿಕೆಯಂತೆ ಹಿರಿಯರ ಮನೆಗೆ ಹೋದರು. ಚಿತ್ರಲಿಂಗಪ್ಪ ಏನು ಹೇಳಿದನೋ, ಅವರು ಮತ್ತೆ ಫೋನು ಎತ್ತಲಿಲ್ಲ. ಹೊಳಲ್ಕೆರೆಯ ಕಡೆಯ ಸಂಬಂಧವೂ ಹಾಗೇ ಆಯಿತು. ತನಗೆ ಮದುವೆಯೇ ಬೇಡ, ಅಂಗಡಿ ಕೆಲಸ ಸಾಕು ಎಂದಳು ಮೌನಿಕಾ. ಆದರೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅವಳು ಬಿಕ್ಕುವುದು ತಾಯಿಗೆ ಕೇಳಿಸಿತ್ತು.

ಮಗಳಿಗೆ ತಿಳಿಸದೆ ನಿಂಗಕ್ಕ ಭಾವನ ಮನೆಗೆ ಹೋದಳು. ಅವನು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ.

“ಹೊಲ ನೀವೇ ಉಳ್ಕಳ್ರಿ ಭಾವ.”

“ಇದನ್ನ ಮೊದ್ಲೇ ಬಂದು ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತೇನವ್ವ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಕಲ್ಲುಗಳನ್ನು ಕೀಳಿಸಬೇಕೇ ಎಂದು ಕೇಳಿದಳು.

“ಇರ್ಲಿ ಬಿಡು. ದನ ಮೈ ಉಜ್ಕಳ್ಳಾಕೆ ಆಗ್ತಾವೆ.”

ಆಮೇಲೆ ಎಲ್ಲ ಸಲೀಸಾಯಿತು. ಬೇಲಿ ತೆಗೆದರು. ಚಿತ್ರಲಿಂಗಪ್ಪ ತಾನೇ ನಿಂತು ಹೊಸದುರ್ಗದ ಕಡೆ, ಹೆಂಡತಿಯ ನಂಟರಲ್ಲಿ, ಮೌನಿಕಾಳಿಗೆ ಗಂಡು ಗೊತ್ತು ಮಾಡಿದ. ನೀನೇ ಹೋಗಿ ಹೇಳಿದೆಯಾ ಎಂದು ಮಗಳು ಒಮ್ಮೆ ಕೇಳಿದಳು. ನಿಂಗಕ್ಕ ಒಲೆಗೆ ಸೌದೆ ದೂಡಿದಳು. ಮೌನಿಕಾ ಮತ್ತೆ ಕೇಳಲಿಲ್ಲ. ಮದುವೆಗೆ ಮೊದಲೇ ಅಂಗಡಿ ಬಿಡಿಸಿದರು. ಈಗ ಗಂಡನ ಮನೆಯಿಂದ ಫೋನಿನಲ್ಲಿ ಊಟ ಆಯ್ತೇನವ್ವ ಎಂದು ವಿಚಾರಿಸುತ್ತಾಳೆ. ಹಿಂದಿನಿಂದ ಯಾರೋ ಕರೆಯುತ್ತಾರೆ, ಇಟ್ಟುಬಿಡುತ್ತಾಳೆ.

ಈ ವರ್ಷ ಮಳೆ ಚೆನ್ನಾಗಿ ಬಂತು. ಚಿತ್ರಲಿಂಗಪ್ಪ ತನ್ನ ಹೊಲಗಳನ್ನೆಲ್ಲ ಬಿತ್ತಿಸಿದ. ನಿಂಗಕ್ಕನಿಂದ ಬಂದ ನೆಲವನ್ನು ಮಾತ್ರ ಉಳಲೇ ಇಲ್ಲ. ಅದು ಅವನಿಗೆ ಬೇಕಾಗಿಯೂ ಇರಲಿಲ್ಲ. ಅಲ್ಲಿ ಎಕ್ಕೆ, ಪಾರ್ಥೇನಿಯಂ ಎದೆಯುದ್ದ ಬೆಳೆದಿದೆ. ನಿಂಗಕ್ಕ ಪಕ್ಕದಲ್ಲೇ ಅವನ ಈರುಳ್ಳಿ ಹೊಲದಲ್ಲಿ ಕಳೆ ಕೀಳುವ ಕೂಲಿಗೆ ಹೋಗುತ್ತಾಳೆ. ಸಾಲು ಆ ಕಡೆಗೆ ಬಂದಾಗ ತಲೆ ಎತ್ತುವುದಿಲ್ಲ.