ಮೇಷ್ಟ್ರ ಮನೆ ಮಗಳು

ವಿಶ್ವವಿದ್ಯಾಲಯದ ಗೇಟು ದಾಟಿ ಒಳಗೆ ಬಂದರೆ ಮೇಷ್ಟ್ರ ಬಾಯಲ್ಲಿ ಕನ್ನಡ ಬರುತ್ತಿರಲಿಲ್ಲ. ಹುಡುಗಿ ಓದಲು ಬಂದ ಹೊಸದು. ಕಡಲಾಚೆಯ ದೇಶ, ಗುರುತಿನ ಮುಖ ಒಂದೂ ಇಲ್ಲ. ಪ್ರಯೋಗಾಲಯದ ಮುಂದೆ ತನ್ನ ಮಾತಿನವರೇ ಆದ ಪ್ರೊಫೆಸರು ಎದುರಾದರೆಂಬ ಖುಷಿಗೆ “ನಮಸ್ಕಾರ ಸರ್” ಅಂದುಬಿಟ್ಟಳು. ಮೇಷ್ಟ್ರು ಆಚೀಚೆ ನೋಡಿ, ಅಲ್ಲಿಯ ಭಾಷೆಯಲ್ಲಿ ಏನೋ ಎರಡು ಮಾತು ಗೊಣಗಿ, ಸಾಲ ಕೊಟ್ಟವನನ್ನು ಕಂಡವರ ಹಾಗೆ ಸರಸರ ನಡೆದುಬಿಟ್ಟರು. ಹುಡುಗಿಯ ಮುಖ ಇಷ್ಟಗಲವಾಗಿದ್ದದ್ದು ಇಷ್ಟೇ ಆಯಿತು.

ಸಂಜೆ ಅವರದೇ ಫೋನು. “ಬೇಜಾರು ಮಾಡ್ಕೊಂಡ್ಯೇನಮ್ಮಾ? ಅಲ್ಲಿ ಹಾಗೆಲ್ಲ ಮಾತಾಡಬಾರದು. ನಮ್ಮೋರು ನಮ್ಮೋರೇ ಗುಂಪು ಕಟ್ಕೋತಾರೆ ಅಂತ ಹೆಸರು ಬರುತ್ತೆ. ಮನೆಗೆ ಬಾ, ಬಾಯಿ ತುಂಬ ಮಾತಾಡೋಣ.”

ಹೋದಳು. ಹೋಗದೆ ಏನು ಮಾಡ್ತಾಳೆ? ನಾಲಿಗೆ ತುಕ್ಕು ಹಿಡಿದಿತ್ತು. ಮೇಷ್ಟ್ರ ಹೆಂಡತಿ ಬಿಸಿ ಅನ್ನ ಬಡಿಸಿ “ಇದು ನಿನ್ನ ಮನೇನೇ ಅಂತ ತಿಳ್ಕೋ” ಅಂದರು. ಮೇಷ್ಟ್ರು “ನೀನು ನಮ್ಮನೆ ಮಗಳು ಕಣಮ್ಮಾ” ಅಂದರು. ಮನೆ ಮಗಳು ಅನ್ನೋ ಮಾತು ಕೇಳೋಕೆ ಬಲು ಹಿತ. ಮಗಳಾದವಳು ಊಟ ಮಾಡಿ ಕೈ ತೊಳೆದು ಹೋಗೋಕಾಗುತ್ತಾ? ಅವತ್ತು ಪಾತ್ರೆ ತೊಳೆದಳು. ಆಮೇಲಾಮೇಲೆ ತರಕಾರಿ ಹೆಚ್ಚಿದಳು, ಬಟ್ಟೆ ಮಡಿಸಿದಳು, ಇಬ್ಬರೂ ಊರಲ್ಲಿಲ್ಲದಾಗ ಗಿಡಕ್ಕೆ ನೀರು ಹಾಕಿದಳು. ಯಾರೂ ಮಾಡು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಅಷ್ಟರಲ್ಲಿ ಮೇಷ್ಟ್ರ ತಾಯಿ, ಹುಡುಗಿಯ ಬಾಯಲ್ಲಿ ಅಜ್ಜಿ, ಊರಿಂದ ಮಗನನ್ನು ನೋಡಿಹೋಗಲು ಬಂದರು. ಬಂದವರು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮಗ ಸೊಸೆ ಇಬ್ಬರೂ ದುಡಿಯುವವರು. ನೋಡಿಕೊಳ್ಳಲು ಗೊತ್ತು ಮಾಡಿದ ಹೆಂಗಸನ್ನು ಅಜ್ಜಿ ವಾರದೊಳಗೆ ಓಡಿಸಿದರು. “ಅಕ್ಕಿ ಮೂಟೆ ಎತ್ತಿದ ಹಾಗೆ ಎತ್ತುತ್ತಾಳೆ ಕಣೇ! ಅಯ್ಯೋ ಅಂದ್ರೂ ಅರ್ಥ ಆಗಲ್ಲ, ಅಮ್ಮಾ ಅಂದ್ರೂ ಅರ್ಥ ಆಗಲ್ಲ, ಸುಮ್ನೆ ಹಲ್ಲು ಬಿಡ್ತಾಳೆ.” ಸರಿ, ಮನೆ ಮಗಳು ಇದ್ದಳಲ್ಲ. ಬುಧವಾರ, ಭಾನುವಾರ ಅಜ್ಜಿಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ, ತಲೆ ಬಾಚುವ ಕೆಲಸ ಅವಳ ಪಾಲಿಗೆ ಬಂತು.

ಒಂದು ಮಾತು ಹೇಳಿಬಿಡಬೇಕು. ಆ ಮನೆಯಲ್ಲಿ ಹುಡುಗಿಗೆ ನಿಜವಾಗಿ ಬೇಕಾದವರು ಅಜ್ಜಿಯೇ. ಹುಡುಗಿಯದ್ದು ಸುಣ್ಣದ ಗಾರೆಯ ಓದು. ಹಳೆಯ ಕಲ್ಲುಗೋಡೆಗೆ ಸಿಮೆಂಟು ಮೆತ್ತಿದರೆ ಗೋಡೆ ಒಳಗೊಳಗೇ ತೇವ ಹಿಡಿದು ಕೊಳೆಯುತ್ತದೆ, ಸುಣ್ಣದ ಗಾರೆಯೇ ಬೇಕು. ಆದರೆ ಸುಣ್ಣ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಅದನ್ನು ಬೇಗ ಗಟ್ಟಿ ಮಾಡುವ ಬಗೆ ಹುಡುಕುವುದೇ ಅವಳ ಕೆಲಸ. ದಿನವಿಡೀ ಗಾರೆ ಕಲಸಿ, ಅಚ್ಚಿಗೆ ಹಾಕಿ ಬಿಲ್ಲೆ ಮಾಡಿ, ಒದ್ದೆ ಗೋಣಿ ಹೊದಿಸಿ ಕಾಯುವುದು, ಕೊನೆಗೆ ಯಂತ್ರಕ್ಕಿಟ್ಟು ಒಡೆಯುವುದು. ಕೈಗವಸು ಹಾಕಿದರೂ ಸುಣ್ಣ ಬಿಡುತ್ತದೆಯೇ? ಬೆರಳೆಲ್ಲ ಬಿರುಕು. ಜಡೆ ಹೆಣೆದು ಮುಗಿದ ಮೇಲೆ ಅಜ್ಜಿ ತಮ್ಮ ಎಡಗೈಯಿಂದ ಬಟ್ಟಲಲ್ಲಿ ಉಳಿದ ಎಣ್ಣೆ ತೆಗೆದು ಆ ಬಿರುಕಿಗೆಲ್ಲ ಹಚ್ಚುತ್ತಿದ್ದರು. “ಏನು ಪುಟ್ಟೀ ಇದು, ಕೈಯೋ ಕರಣೆಯೋ? ಓದೋಕೆ ಬಂದೆಯೋ ಗಾರೆ ಕೆಲಸಕ್ಕೆ ಬಂದೆಯೋ?” ಹುಡುಗಿ ನಗುತ್ತಿದ್ದಳು. ಅವಳ ಕೈಯನ್ನು ಯಾರಾದರೂ ಹಿಡಿದುಕೊಳ್ಳುತ್ತಿದ್ದದ್ದು ವಾರಕ್ಕೆ ಎರಡು ಸಲ ಬರುವ ಅದೊಂದೇ ಹೊತ್ತಿನಲ್ಲಿ.

ಓದು ಮುಗಿಯುತ್ತ ಬಂದಿತ್ತು. ಮುಗಿದ ಮೇಲೆ ಯಾರಾದರೂ ಪ್ರೊಫೆಸರು ಸಂಶೋಧನೆಗೆ ಸೇರಿಸಿಕೊಂಡರೆ ಆ ದೇಶದಲ್ಲಿ ಇರಬಹುದು. ಇಲ್ಲದಿದ್ದರೆ ಅರೆಬರೆ ಗಟ್ಟಿಯಾದ ಬಿಲ್ಲೆಗಳನ್ನು ಅಲ್ಲೇ ಬಿಟ್ಟು ಪೆಟ್ಟಿಗೆ ಕಟ್ಟಬೇಕು. ಊರಲ್ಲಿ ಅವಳಪ್ಪ, ದರ್ಜಿ, ಅಂಗಡಿಗೆ ಬಂದವರ ಅಳತೆ ತೆಗೆಯುತ್ತಲೇ “ನಮ್ಮ ಹುಡುಗಿ ಡಾಕ್ಟರ್ ಆಗ್ತಾಳೆ, ಸುಣ್ಣದ ಡಾಕ್ಟರ್” ಅಂತ ಹೇಳಿಕೊಂಡು, ನಕ್ಕವರ ಪ್ಯಾಂಟನ್ನು ಬೇಕೆಂದೇ ಒಂದು ವಾರ ತಡ ಮಾಡುತ್ತಿದ್ದ. ಅವಳಿಗೂ ಇದ್ದದ್ದು ಅದೊಂದೇ ಆಸೆ. ಹಿಡಿದ ಕೆಲಸ ಮುಗಿಸಬೇಕು.

ಅದೃಷ್ಟವೂ ಬಾಗಿಲಿಗೇ ಬಂತು ಅನ್ನಿ. ಬೇರೆ ಊರಿನ ವಿಶ್ವವಿದ್ಯಾಲಯದ ಬಿಳಿಗೂದಲಿನ ಪ್ರೊಫೆಸರಮ್ಮ ಒಬ್ಬರು ಸಮ್ಮೇಳನವೊಂದರಲ್ಲಿ ಇವಳ ಬಿಲ್ಲೆಗಳನ್ನು ತಿರುಗಿಸಿ ತಿರುಗಿಸಿ ನೋಡಿ ಹೋಗಿದ್ದರು. ತಮ್ಮಲ್ಲಿ ಒಂದು ಜಾಗವಿದೆ, ಬರುತ್ತೀಯಾ, ಬೇಗ ತಿಳಿಸು ಎಂದು ಬರೆದರು. ಹುಡುಗಿ ಕುಣಿದುಕೊಂಡು ಹೋಗಿ ಮೇಷ್ಟ್ರ ಮನೆಯ ಊಟದ ಮೇಜಿನ ಮುಂದೆ ಹೇಳಿದಳು.

ಮೇಷ್ಟ್ರು ತುತ್ತನ್ನು ತಟ್ಟೆಗೇ ಇಟ್ಟರು. “ಅಲ್ಲಮ್ಮಾ, ಮನೆ ಮಗಳನ್ನ ಕಂಡೋರ ಮನೆಗೆ ಕಳಿಸ್ತಾರಾ? ನನ್ನಲ್ಲೇ ಒಂದು ಜಾಗ ಬರ್ತಾ ಇದೆ. ಅದು ನಿನಗಲ್ಲದೆ ಇನ್ಯಾರಿಗೆ?”

“ನಿಜವಾಗ್ಲೂನಾ ಸರ್?”

“ನಾನು ಸುಳ್ಳು ಹೇಳ್ತೀನಾ?”

ಮೇಷ್ಟ್ರ ಹೆಂಡತಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಅಜ್ಜಿ “ಮಜ್ಜಿಗೆ ಹಾಕು ಪುಟ್ಟಿ” ಅಂದರು. ಹುಡುಗಿ ಖುಷಿಯಲ್ಲಿ ಲೋಟದ ತುಂಬ ಹಾಕಿ ಮೇಜಿನ ಮೇಲೂ ಚೆಲ್ಲಿದಳು.

ಆದರೂ ಪ್ರೊಫೆಸರಮ್ಮನಿಗೆ ಬರಲ್ಲ ಅಂತ ಬರೆಯಲು ಮನಸ್ಸು ಹಿಂದೆ ಮುಂದೆ ನೋಡುತ್ತಿತ್ತು. ಕೈಯಲ್ಲಿರುವ ಹಕ್ಕಿಯನ್ನು ಹಾರಿಬಿಡುವುದು ಅಷ್ಟು ಸುಲಭವೇ? ಭಾನುವಾರ ಅಜ್ಜಿಯ ತಲೆ ಬಾಚುತ್ತ ಕೇಳಿದಳು, “ನಾಳೆ ಬರೆದುಬಿಡ್ಲಾ ಅಜ್ಜಿ, ಬರಲ್ಲ ಅಂತ?”

ಅಜ್ಜಿ ಕಿಟಕಿಯಾಚೆ ನೋಡಿದರು. “ನನಗೇನು ತಿಳಿಯುತ್ತೆ ಪುಟ್ಟಿ, ನಿಮ್ಮ ಓದು ಬರಹ. ಜಡೆ ಬಿಗಿಯಾಗಿ ಹೆಣೆ, ಸಂಜೆಗೇ ಬಿಚ್ಚಿಹೋಗುತ್ತೆ.”

ಹುಡುಗಿ ಜಡೆ ಬಿಗಿಯಾಗಿ ಹೆಣೆದಳು. ಸೋಮವಾರ ಪ್ರೊಫೆಸರಮ್ಮನಿಗೆ ಬರಲ್ಲ ಅಂತ ಬರೆದಳು.

ಆಮೇಲೆ ಒಂದು ತಿಂಗಳ ಮೇಲೂ ಆಯಿತು, ಮೇಷ್ಟ್ರು ಜಾಗದ ಸುದ್ದಿ ಎತ್ತಲಿಲ್ಲ. ಕೇಳಿದರೆ “ಆಗುತ್ತಮ್ಮಾ, ಆಗುತ್ತೆ” ಅನ್ನುತ್ತಿದ್ದರು. ಮೂಗಿಗೆ ಸವರಿದ ತುಪ್ಪದ ವಾಸನೆಯಲ್ಲೇ ಹುಡುಗಿ ದಿನ ತಳ್ಳಿದಳು. ಒಂದು ಬುಧವಾರ ಬೆಳಿಗ್ಗೆ ವಿಶ್ವವಿದ್ಯಾಲಯದ ತಮ್ಮ ಕೋಣೆಗೆ ಕರೆದರು. ಒಳಗೆ ಹೋದೊಡನೆ ತಾವೇ ಎದ್ದು ಬಾಗಿಲು ಮುಚ್ಚಿದರು.

“ಬಾಮ್ಮಾ, ಕೂತ್ಕೋ.”

ಕನ್ನಡ! ಆ ಕೋಣೆಯಲ್ಲಿ ಮೊದಲನೇ ಸಲ. ಹುಡುಗಿ ಕುರ್ಚಿಯ ತುದಿಗೆ ಕೂತಳು. ಸಿಹಿ ಸುದ್ದಿಯೇ ಸೈ ಅಂದುಕೊಂಡಳು. ಪಾಪ, ಅಪ್ಪನಿಗೆ ಫೋನಿನಲ್ಲಿ ಹೇಗೆ ಹೇಳುವುದೆಂದು ಯೋಚನೆಯನ್ನೂ ಶುರು ಮಾಡಿದ್ದಳು.

“ಆ ಜಾಗ ನಿನ್ನ ಪಕ್ಕದ ಮೇಜಿನ ಹುಡುಗನಿಗೆ ಕೊಡಬೇಕಾಯ್ತು” ಅಂದರು ಮೇಷ್ಟ್ರು.

ಪಕ್ಕದ ಮೇಜಿನ ಹುಡುಗ ಎಂದರೆ ಅವಳು ಮನಸ್ಸಿನಲ್ಲೇ ಉದ್ದಣ್ಣ ಎಂದು ಹೆಸರಿಟ್ಟಿದ್ದ, ಬಾಗಿಲಿಗೆ ತಲೆ ಬಗ್ಗಿಸಿ ಬರುವವನು. ಆ ದೇಶದವನೇ. ಅವನಿಗೆ ಗಾರೆಗೆ ಎಷ್ಟು ನೀರು ಹಾಕಬೇಕೆಂದು ಹೇಳಿಕೊಟ್ಟದ್ದೂ ಇವಳೇ.

“ನೋಡು, ನಿನ್ನ ಕೆಲಸ ಅವನಿಗಿಂತ ಒಳ್ಳೇದು. ನಾನೇ ಹೇಳ್ತಿದೀನಲ್ಲ! ಆದ್ರೆ ನೀನು ನಮ್ಮನೆಗೆ ಬಂದು ಹೋಗಿ ಮಾಡೋದು ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ನಿನಗೆ ಕೊಟ್ರೆ ತನ್ನೋಳು ಅಂತ ಕೊಟ್ಟ ಅಂತಾರೆ. ನಾಳೆ ನನ್ನ ಗತಿ?”

“ನಾನು ಬೇರೆಯವಳಾಗಿದ್ರೆ ಕೊಡ್ತಿದ್ರಾ ಸರ್?”

ಮೇಷ್ಟ್ರು ಈ ಪ್ರಶ್ನೆಗೆ ನಿಜವಾಗಿ ಯೋಚಿಸಿದರು. ಆ ಪ್ರಾಮಾಣಿಕತೆಯನ್ನು ಒಲೆಗೆ ಹಾಕ! “ಹೂಂ” ಅಂದರು. “ಆಗ ತೊಂದರೆ ಇರ್ತಿರಲಿಲ್ಲ.” ಆಮೇಲೆ ಕನ್ನಡಕ ಒರೆಸಿಕೊಂಡು, ದನಿ ಮೆತ್ತಗೆ ಮಾಡಿ, “ಮನಸ್ಸಿಗೆ ಹಚ್ಕೋಬೇಡಮ್ಮಾ, ಮನೆ ಮಗಳು ನೀನು, ಅರ್ಥ ಮಾಡ್ಕೋತೀಯ. ಹಾಂ, ಇವತ್ತು ಬುಧವಾರ, ಅಮ್ಮಂಗೆ ಸ್ನಾನ ಇದೆ” ಅಂದರು.

ಬಳಸಿಕೊಳ್ಳಲೂ ಮನೆ ಮಗಳು, ಕೈಬಿಡಲೂ ಮನೆ ಮಗಳು. ಸಾರಿಗೆ ಹಾಕಿದ ಕರಿಬೇವಿನ ಎಲೆಯೂ ತಟ್ಟೆಯ ಅಂಚಿಗೆ ಹೋಗುವ ಮುಂಚೆ ಇಷ್ಟು ಸಮಾಧಾನದ ಮಾತು ಕೇಳಿರಲಿಕ್ಕಿಲ್ಲ. ಹುಡುಗಿ ಎದ್ದಳು. ಅಲ್ಲಿಯ ಭಾಷೆಯಲ್ಲಿ, ಅಲ್ಲಿಯವರ ಹಾಗೆಯೇ, “ಧನ್ಯವಾದ, ಪ್ರೊಫೆಸರ್” ಅಂದು ಹೊರಬಂದಳು. ಹೆಂಗಸರ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಮುಖ ತೊಳೆದು, ಮಾನ ಮರ್ಯಾದೆ ಬಿಟ್ಟು ಆ ಬಿಳಿಗೂದಲಿನ ಪ್ರೊಫೆಸರಮ್ಮನಿಗೆ ಮತ್ತೆ ಬರೆದಳು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಅಯ್ಯೋ, ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಂಡಾಯಿತು, ನೀನೇ ಬರಬೇಕೆಂದು ನಾನು ತುಂಬ ಆಸೆಪಟ್ಟಿದ್ದೆ.

ಆದರೂ ಸಂಜೆ ಅಜ್ಜಿಯ ಸ್ನಾನಕ್ಕೆ ಹೋದಳು. ಥೂ, ಇವಳಿಗೆ ಬುದ್ಧಿ ಇಲ್ಲವೇ ಅನ್ನಬೇಡಿ. ಮಗ ಮಾಡಿದ್ದಕ್ಕೆ ಆ ಮುದಿಜೀವ ಏನು ಮಾಡೀತು, ತಲೆಗೆ ನೀರು ಬೀಳದೆ ಕೂತಿರುತ್ತದೆ, ಅಂತಲೇ ಹೋದಳು. ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ನೀರು ಹದ ಮಾಡಿ ಸ್ನಾನ ಮಾಡಿಸಿದಳು, ತಲೆ ಒರೆಸಿದಳು, ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿ ಹಿಂದೆ ನಿಂತು ಬಾಚಣಿಗೆ ಹಿಡಿದಳು. ಅಷ್ಟು ಹೊತ್ತೂ ತಡೆದುಕೊಂಡಿದ್ದದ್ದು ಅಲ್ಲಿ ಒಡೆಯಿತು.

“ಅಜ್ಜಿ, ನನಗೆ ಕೊಡಲಿಲ್ಲ ಅಜ್ಜಿ ಆ ಜಾಗ. ಬೇರೆಯವನಿಗೆ ಕೊಟ್ಟುಬಿಟ್ರು.”

ಅಜ್ಜಿ ತಿರುಗಲಿಲ್ಲ. ಅಯ್ಯೋ ಅನ್ನಲಿಲ್ಲ. “ಕೊನೆಗೂ ಹೇಳಿದ್ನಾ?” ಅಂದರು.

ಬಾಚಣಿಗೆ ಅರ್ಧದಲ್ಲೇ ನಿಂತಿತು. “ಏನಂದ್ರಿ?”

“ಇವಳಿಗೆ ಕೊಡೋಕಾಗಲ್ಲ ಅಂತ ಅವನು ಅವತ್ತೇ ಹೆಂಡತಿ ಹತ್ರ ಹೇಳ್ತಿದ್ದ. ನೀನು ಆ ಪ್ರೊಫೆಸರಮ್ಮನ ಸುದ್ದಿ ಹೇಳಿ ಊಟ ಮಾಡಿ ಹೋದ್ಯಲ್ಲ, ಅವತ್ತು. ಅಮ್ಮ ಊರಿಗೆ ಹೊರಡೋವರೆಗೂ ಹುಡುಗಿ ಹತ್ರ ಬಾಯಿ ಬಿಡಬೇಡ, ಆಮೇಲೆ ನಾನು ಸಮಾಧಾನ ಮಾಡ್ತೀನಿ ಅಂದ. ಅಷ್ಟೂ ತಡೆಯೋಕಾಗಲಿಲ್ಲ ಅಂತ ಕಾಣುತ್ತೆ.”

“ಅವತ್ತೇ ಅಂದ್ರೆ... ಭಾನುವಾರ ನಾನು ಬರೀಲಾ ಅಂತ ಕೇಳಿದಾಗ ನಿಮಗೆ ಗೊತ್ತಿತ್ತಾ?”

ಅಜ್ಜಿ ಎಡಗೈಯಿಂದ ಸೀರೆಯ ಸೆರಗನ್ನು ಹಿಂಡುತ್ತಿದ್ದರು. “ಗೊತ್ತಿತ್ತು ಪುಟ್ಟಿ.”

“ಮತ್ತೆ ಬರೀಬೇಡ ಅನ್ನೋಕೆ ಏನಾಗಿತ್ತು ಅಜ್ಜಿ? ಒಂದೇ ಒಂದು ಮಾತು!”

“ಅಂದಿದ್ರೆ ನೀನು ಆ ಊರಿಗೆ ಹೋಗ್ತಿದ್ದೆ” ಅಂದರು ಅಜ್ಜಿ. “ನನಗೆ ಈ ಮನೇಲಿ ಯಾರಿದಾರೆ ಹೇಳು? ಬೆಳಿಗ್ಗೆ ಇಬ್ರೂ ಬಾಗಿಲು ಹಾಕ್ಕೊಂಡು ಹೋದ್ರೆ ಗೋಡೆ ನೋಡ್ತಾ ಕೂರಬೇಕು. ನೀನು ಬರೋದನ್ನೇ ಕಾಯ್ತಿರ್ತೀನಿ. ಮುದುಕಿ ಆಸೆ ಪುಟ್ಟಿ. ಬಯ್ಯಿ ಬೇಕಾದ್ರೆ.”

ಹುಡುಗಿ ಬಯ್ಯಲಿಲ್ಲ. ಮೇಷ್ಟ್ರ ಮೇಲೆ ಬಂದ ಸಿಟ್ಟಿಗೆ ಒಂದು ದಾರಿಯಿತ್ತು, ಬೈದುಕೊಳ್ಳಬಹುದಿತ್ತು, ಶಾಪ ಹಾಕಬಹುದಿತ್ತು. ಇದಕ್ಕೆ ದಾರಿಯೇ ಇರಲಿಲ್ಲ. ಕತ್ತು ಕೊಯ್ದವರ ಕೈಯೂ, ಬಿರುಕಿಗೆ ಎಣ್ಣೆ ಹಚ್ಚಿದ ಕೈಯೂ ಒಂದೇ ಆದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೂದಲು ಮೂರು ಪಾಲು ಮಾಡಿ ಬಿಗಿಯಾಗಿ ಹೆಣೆದು, ತುದಿಗೆ ರಿಬ್ಬನ್ ಕಟ್ಟಿದಳು. ಅಜ್ಜಿ ಎಂದಿನಂತೆ ಎಣ್ಣೆ ಬಟ್ಟಲಿಗೆ ಬೆರಳು ಅದ್ದಿ “ಕೈ ತಾ” ಅಂದರು. ಹುಡುಗಿ ಕೈ ಕೊಡಲಿಲ್ಲ. ಬಟ್ಟಲನ್ನು ಎತ್ತಿ ಕಪಾಟಿನಲ್ಲಿಟ್ಟಳು, ಒದ್ದೆ ಟವಲು ಹರವಿದಳು, ಚಪ್ಪಲಿ ಮೆಟ್ಟಿದಳು.

“ಕೋಪ ಬಂತಾ ಪುಟ್ಟಿ?”

“ಇಲ್ಲ ಅಜ್ಜಿ.”

“ಭಾನುವಾರ ಬರ್ತೀಯಲ್ಲ?”

ಹುಡುಗಿ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಳು. ಆ ಮನೆಯಲ್ಲಿ ಇಷ್ಟು ದಿನ ಉಂಡು, ಅವರು ಮಾತಾಡುವ ರೀತಿಯನ್ನೂ ಕಲಿತಿದ್ದಳು. ಅಜ್ಜಿಯ ಮುಖ ನೋಡಿ, ಬಾಯಿ ತುಂಬ ನಕ್ಕು, “ಬರದೆ ಇರ್ತೀನಾ ಅಜ್ಜಿ? ಮನೆ ಮಗಳಲ್ವಾ ನಾನು” ಅಂದಳು. ಅಜ್ಜಿಯ ಮುಖ ಅರಳಿತು. ನಂಬಿಬಿಟ್ಟರು.

ಭಾನುವಾರ ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಹುಡುಗಿ ಗೋಣಿ ಸರಿಸಿ, ಉಳಿದ ಬಿಲ್ಲೆಗಳನ್ನು ಒಂದೊಂದಾಗಿ ಯಂತ್ರಕ್ಕಿಟ್ಟು ಒಡೆಯುತ್ತಿದ್ದಳು. ಇನ್ನೂ ಗಟ್ಟಿಯಾಗಿರಲಿಲ್ಲ, ಮುಟ್ಟಿದರೆ ಉದುರುತ್ತಿದ್ದವು. ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಮೇಷ್ಟ್ರ ಮನೆಯದು. ನಿಂತಿತು, ಮತ್ತೆ ಹೊಡೆಯಿತು. ಕಿಟಕಿಯ ಹತ್ತಿರ ಅಜ್ಜಿ ಕೂದಲು ಬಿಚ್ಚಿಕೊಂಡು, ಬಟ್ಟಲಲ್ಲಿ ಎಣ್ಣೆ ಇಟ್ಟುಕೊಂಡು, ಬಾಗಿಲ ಕಡೆ ನೋಡುತ್ತ ಕೂತಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಅಳು ಬಂತು, ಅತ್ತಳು. ಅಳುತ್ತಲೇ ಇನ್ನೊಂದು ಬಿಲ್ಲೆ ತೆಗೆದು ಯಂತ್ರಕ್ಕಿಟ್ಟಳು. ಫೋನು ಎತ್ತಲಿಲ್ಲ.