ಹತ್ತು ಹಸು

"ಇನ್ನೊಂದ್ ಸಲ ಅನ್ನಪ್ಪ, ದೀಪ ವಿಡಿಯೋ ಆನ್ ಮಾಡಿರಲಿಲ್ಲ," ಎಂದರು ಷಡಕ್ಷರಿ.

ಮಾದು ಟೀ ಲೋಟವನ್ನು ಮೇಜಿನ ಮೇಲಿಟ್ಟ. "ಸಾ, ಗಾಡಿ ಬಂದದೆ. ಕ್ಯಾನ್ ಇಳಿಸ್ಬೇಕು."

"ಇಳಿಸೋವಂತೆ. ಒಂದೇ ಸಲ. ಹನೂರಿನ ಹತ್ತು ಹಸು ಹಾಲು ಕೊಟ್ಟವು."

"ಅನೂರಿನ ಅತ್ತು ಅಸು ಆಲು ಕೊಟ್ಟೊ."

"ಅತ್ತ ಹಸು!" ಷಡಕ್ಷರಿ ಮೇಜು ತಟ್ಟಿದರು. "ಯಾಕಪ್ಪ ಅತ್ತಿತು, ಪಾಪ? ಹಿಂಡಿ ಹಾಕಿರಲಿಲ್ವಾ?"

ನಗುವಿಗೆ ದೀಪಳ ಕೈಲಿದ್ದ ಫೋನು ಅಲುಗಾಡಿತು. ಲೆಕ್ಕದ ಮೇಜಿನಲ್ಲಿದ್ದ ರೂಪ ಕೂಡ ನಕ್ಕಳು. ಮಾದುವೂ ನಕ್ಕ, ಉಳಿದವರಿಗಿಂತ ಸ್ವಲ್ಪ ತಡವಾಗಿ.

ಕೊಳ್ಳೇಗಾಲದ ಆ ಖಾಸಗಿ ಡೈರಿಯ ಕಚೇರಿಯಲ್ಲಿ ಇದ್ದವರು ನಾಲ್ಕೇ ಜನ. ಲೊಕ್ಕನಹಳ್ಳಿಯ ಮಾದು ಬಂದು ಒಂಬತ್ತು ತಿಂಗಳಾಗಿತ್ತು. ಹಾಲು ಹಾಕುವವರ ಫೋನಿಗೆ ಉತ್ತರ ಕೊಡುವುದು, ಕ್ಯಾನು ನೋಡಿಕೊಳ್ಳುವುದು ಅವನ ಕೆಲಸ. ಷಡಕ್ಷರಿ ಮ್ಯಾನೇಜರು. ಮಾದುವಿಗೆ ಬಸ್ ಸ್ಟ್ಯಾಂಡಿನ ಹಿಂದೆ ರೂಮು ಹುಡುಕಿಕೊಟ್ಟವರು ಅವರೇ. ಎರಡನೇ ತಿಂಗಳಲ್ಲಿ ಅವನು ಬೈಕಿನಿಂದ ಬಿದ್ದಾಗ ಆಸ್ಪತ್ರೆಗೆ ಕರೆದೊಯ್ದು, ಹೊಲಿಗೆ ಹಾಕಿ ಮುಗಿಯುವವರೆಗೂ ಅವನ ಕೈ ಹಿಡಿದು ಕೂತಿದ್ದರು. ಹಾಗಾಗಿ ಈ 'ಹ'ಕಾರದ ಆಟ ಶುರುವಾದಾಗ ಬೇಡ ಅನ್ನಲು ಮಾದುವಿಗೆ ಬಾಯಿ ಬರಲಿಲ್ಲ. ಮೊದಲು ಅಪರೂಪಕ್ಕೊಮ್ಮೆ ಇದ್ದದ್ದು ಬರುಬರುತ್ತಾ ದಿನಾ ಹನ್ನೊಂದರ ಟೀಗೆ ಬಿಸ್ಕತ್ತಿನ ಹಾಗೆ ಬೇಕೇಬೇಕಾಯಿತು. ಹೊಸಬರು ಯಾರಾದರೂ ಬಂದರೆ ಅವನನ್ನು ಕರೆದು ಹೇಳಿಸುತ್ತಿದ್ದರು.

ರೂಪ ನಗುವುದಕ್ಕೆ ಬೇರೆಯೇ ಕಾರಣವಿತ್ತು. ಅವಳದು ಯಳಂದೂರಿನಾಚೆಯ ಹಳ್ಳಿ. ಅವಳ ಮನೆಯಲ್ಲೂ ಯಾರ ಬಾಯಲ್ಲೂ 'ಹ' ಹೊರಡುತ್ತಿರಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಕನ್ನಡಿ ಮುಂದೆ ನಿಂತು ಅವಳು ನಾಲಿಗೆ ತಿದ್ದಿಕೊಂಡಿದ್ದಳು. ಹತ್ತು ವರ್ಷವಾದರೂ ಕಚೇರಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಮಾದುವನ್ನು ನೋಡಿ ನಕ್ಕಾಗಲೆಲ್ಲ ಆ ಗುಟ್ಟು ಇನ್ನಷ್ಟು ಭದ್ರವಾದಂತೆ ಅವಳಿಗೆ ಅನ್ನಿಸುತ್ತಿತ್ತು.

ಅವತ್ತು ಮಧ್ಯಾಹ್ನ ದೀಪ ಆ ವಿಡಿಯೋವನ್ನು ಕಚೇರಿಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಹಾಲಿನ ಗಾಡಿಗಳ ಡ್ರೈವರುಗಳೂ ಅದರಲ್ಲಿದ್ದರು. ಸಂಜೆಯೊಳಗೆ ಅದರ ಕೆಳಗೆ ನಗುವ ಮುಖಗಳ ಸಾಲೇ ಬೆಳೆಯಿತು.

ಮರುದಿನ ಬೆಳಿಗ್ಗೆ ಫೋನು ಬಂದಾಗ ಮಾದು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಬರೆದುಕೊಳ್ಳಬೇಕಾದ್ದರಿಂದ ಅವನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದ.

"ಹಲೋ, ಹಾಲಿನ ಡೈರಿ. ಹೆಷ್ಟು ಲೀಟ್ರು, ಹಕ್ಕಾ?"

"ಯಾರ್ಲಾ ನೀನು? ಮಾದು ಇಲ್ವಾ? ಅವನ್ಗೆ ಕೊಡು ಪೋನ," ಎಂದಿತು ಆ ಕಡೆಯಿಂದ ಒಂದು ಹೆಣ್ಣು ದನಿ.

ದೀಪ ಮೇಜಿನ ಮೇಲೆ ಮುಖ ಹುದುಗಿಸಿದಳು. "ನಾನೇಯ ಮಾದು," ಎಂದ ಅವನು. ಲೀಟರು ಬರೆದುಕೊಂಡು ಎದ್ದು ಹಿಂದಕ್ಕೆ ಹೋದ.

ಊಟದ ಹೊತ್ತಿಗೆ ಡಬ್ಬಿ ತೊಳೆಯಲು ಹೋದ ರೂಪಳಿಗೆ ಅವನು ನಲ್ಲಿಯ ಹತ್ತಿರ ಸಿಕ್ಕಿದ. ಕ್ಯಾನಿನ ಮುಚ್ಚಳ ಉಜ್ಜುತ್ತಿದ್ದ.

"ಊಟ ಆಯ್ತೇನೋ?"

"ಆಯ್ತು ಕಣಕ್ಕ." ಆಮೇಲೆ ತಾನಾಗಿಯೇ ಹೇಳಿದ. "ವಿಡಿಯೋ ಊರ್ಗೂ ಓಗದೆ. ಗಾಡಿ ಡ್ರೈವರು ನಮ್ಮವ್ವಂಗೆ ತೋರ್ಸವ್ನೆ."

"ಅಯ್ಯೋ. ಏನಂದ್ರು?"

"ಖುಸಿ ಆಗೋಗದೆ ಅವಳ್ಗೆ. ನನ್ ಮಗ ಆಪೀಸ್ನಲ್ಲಿ ಎಂಗ್ ಮಾತಾಡ್ತನೆ ನೋಡಿ ಅಂತ ಅಕ್ಕಪಕ್ಕದೋರ್ನೆಲ್ಲ ಕರ್ದು ತೋರ್ಸವ್ಳೆ. ರಾತ್ರಿ ಪೋನ್ ಮಾಡಿ ಕೇಳುದ್ಲು, 'ಎಲ್ಲಾ ಸರ್ಯಾಗೇ ಏಳಿದ್ದಿಯಲ್ಲ ಮಗ, ಮತ್ತೆ ಅವ್ರೆಲ್ಲ ಯಾಕ್ ನಗ್ತಾವ್ರೆ?' ಅಂತ." ಅವನು ಸ್ವಚ್ಛವಾಗಿದ್ದ ಮುಚ್ಚಳವನ್ನೇ ಮತ್ತೆ ಉಜ್ಜಿದ. "ಏನಂತ ಏಳಾನೆ, ಅಕ್ಕ?"

ರೂಪಳ ಕೈಲಿದ್ದ ಡಬ್ಬಿ ತುಂಬಿ ನಲ್ಲಿಯ ನೀರು ಹೊರಚೆಲ್ಲುತ್ತಿತ್ತು.

ಅದರ ಮಾರನೇ ದಿನ ಪಶು ಆಹಾರ ಕಂಪನಿಯ ಏಜೆಂಟರೊಬ್ಬರು ಬಂದಿದ್ದರು. ಟೀ ಬಂದದ್ದೇ ಷಡಕ್ಷರಿ ಕುರ್ಚಿ ತಿರುಗಿಸಿದರು. "ಮಾದು, ಬಾರಪ್ಪ. ಸಾಹೇಬ್ರಿಗೆ ನಿನ್ನ ಹಸು ತೋರಿಸು."

ಮಾದು ಎದ್ದು ನಿಂತ.

"ಬ್ಯಾಡಿ, ಸಾ," ಎಂದಳು ರೂಪ. ಬಾಯಿಂದ ಬಂದ ಮಾತು ಕೇಳಿ ಅವಳೇ ಬೆಚ್ಚಿದಳು. ಆದರೆ ನಿಲ್ಲಿಸಲಿಲ್ಲ. "ಅವನು ಏಳದಿಲ್ಲ. ಬೇಕಾದ್ರೆ ನಾನ್ ಏಳ್ತೀನಿ, ಕೇಳಿ. ಅನೂರಿನ ಅತ್ತು ಅಸು ಆಲು ಕೊಟ್ಟೊ. ನಮ್ಮವ್ವ ಚನ್ನಾಜಮ್ಮನೂ ಇಂಗೇಯ ಅನ್ನದು. ನಗಿ."

ಯಾರೂ ನಗಲಿಲ್ಲ. ಏಜೆಂಟರು ತಮ್ಮ ಟೀ ಲೋಟದೊಳಗೆ ನೋಡಿದರು.

"ತಮಾಷೆಗೆ ಕಣಮ್ಮ," ಎಂದರು ಷಡಕ್ಷರಿ. ಅವರ ಕಿವಿ ಕೆಂಪಾಗಿತ್ತು. "ಅವನೂ ನಗ್ತಾನಲ್ಲ! ನಾನು ಅವನಿಗೆ ಏನು ಕಮ್ಮಿ ಮಾಡಿದೀನಿ? ಅವನನ್ನೇ ಕೇಳಿ."

ಎಲ್ಲರೂ ಮಾದುವಿನ ಕಡೆ ತಿರುಗಿದರು.

"ನೀವ್ ಮಾಡಿರೋದ್ನ ನಾನು ಮರ್ತಿಲ್ಲ, ಸಾ," ಎಂದ ಅವನು. "ಅದ್ಕೇ ನಗ್ತಿದ್ದೆ."

ಷಡಕ್ಷರಿ ಟೀ ಮುಗಿಸಲಿಲ್ಲ. ಏಜೆಂಟರನ್ನು ಬೇಗನೆ ಕಳಿಸಿಕೊಟ್ಟರು. ಮೂರು ಗಂಟೆಗೆ ಅವರು ದೀಪಳನ್ನು ಕರೆದು ಆ ವಿಡಿಯೋ ಡಿಲೀಟ್ ಮಾಡಿಸಿದರು.

"ಗ್ರೂಪಿಂದ ಹೋಯ್ತು ಸಾರ್," ಎಂದಳು ದೀಪ. "ಆದ್ರೆ ಡ್ರೈವರುಗಳ ಫೋನಲ್ಲಿ ಇದ್ದೇ ಇರುತ್ತೆ."

"ಅವರ ನಂಬರು ಬರೆದುಕೊಡು."

ಚೀಟಿ ಹಿಡಿದುಕೊಂಡು ಒಂದೊಂದೇ ನಂಬರು ಒತ್ತಿದರು. ಮೊದಲನೆಯವನು ಆಯ್ತು ಸಾ ಎಂದ. ಎರಡನೆಯವನು ಎತ್ತಲಿಲ್ಲ. ಮೂರನೆಯವನು ಬೆಟ್ಟದ ರಸ್ತೆಯ ಗಾಡಿಯ ಚಿಕ್ಕಮಾದಪ್ಪ. ಸ್ಪೀಕರಿನಲ್ಲಿ ಇಂಜಿನ್ನಿನ ಸದ್ದು ಬರುತ್ತಿತ್ತು.

"ಚಿಕ್ಕಮಾದಪ್ಪ, ಆ ಹಸು ವಿಡಿಯೋ ಇದೆಯಲ್ಲ..."

ಅಷ್ಟು ಕೇಳಿದ್ದೇ ಚಿಕ್ಕಮಾದಪ್ಪ ಗಹಗಹಿಸಿ ನಗತೊಡಗಿದ. ಒಮ್ಮೆ ನಿಲ್ಲಿಸಿದಂತೆ ಮಾಡಿ, "ಅತ್ತು ಅಸು!" ಎಂದು ಮತ್ತೆ ಶುರುಮಾಡಿದ. ಕಚೇರಿ ತುಂಬ ಆ ನಗುವೇ. ಷಡಕ್ಷರಿ ಫೋನನ್ನು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಅದು ನಿಲ್ಲುವುದನ್ನೇ ಕಾಯುತ್ತ ಕೂತರು.