ಕಿವಿಗೆ ಬೀಳದ ಸುದ್ದಿ

ಬೆಲ್ಲ, ನೀರು ಎರಡೂ ಕಟ್ಟೆಯ ಮೇಲೆ ಇಟ್ಟಲ್ಲೇ ಇದ್ದವು. ದಶರಥ ಮುಟ್ಟಿರಲಿಲ್ಲ.

ಮಡಿಯುಟ್ಟು ನೀರು ಸೋಸುತ್ತಿದ್ದ ಶಾಂತವ್ವ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿದಳು. ದಶರಥ ಅವಳ ತವರಿನ ಆಳು. ಬನಹಟ್ಟಿಯಿಂದ ಬಂದಾಗಲೆಲ್ಲ ತಂಬಿಗೆ ನೀರು ಗಟಗಟ ಕುಡಿದು, ಇನ್ನೊಂದು ಚೂರು ಬೆಲ್ಲ ಕೇಳಿ ತಿನ್ನುವವನು. ಇವತ್ತು ಬೇವಿನ ಗಿಡದ ಕೆಳಗೆ ತಲೆ ತಗ್ಗಿಸಿ ನಿಂತಿದ್ದ. ಅತ್ತೆ ಸಾವಕ್ಕ ಮೆಲ್ಲಗೆ ಏನೋ ಹೇಳಿ ಅವನನ್ನು ಹಿತ್ತಲ ಕೊಟ್ಟಿಗೆಗೆ ಅಟ್ಟಿದಳು.

ಸಾವಿನ ಸುದ್ದಿ ತಂದವನು ಆ ಮನೆಯ ನೀರು ಮುಟ್ಟುವುದಿಲ್ಲ. ತೇರದಾಳದಲ್ಲಿ ಇದು ಮಕ್ಕಳಿಗೂ ಗೊತ್ತು.

"ದಶರಥ ಯಾಕ ಬಂದಾನ್ರೀ ಅತ್ತಿ?"

"ನಿಮ್ಮವ್ವಗ ಜರಾ ಜ್ವರ ಅಂತ. ಆಹಾರ ಮುಗೀಲಿ, ಹೋಗೂವಂತಿ."

ಬಸದಿಯಲ್ಲಿ ದಿಗಂಬರ ಮುನಿಗಳು ತಂಗಿದ್ದರು. ದಿನಕ್ಕೊಮ್ಮೆ ಓಣಿಗೆ ಬಂದು, ಯಾವುದೋ ಒಂದು ಮನೆಯಲ್ಲಿ ಅಂಗೈಯಲ್ಲೇ ಆಹಾರ ತೆಗೆದುಕೊಳ್ಳುತ್ತಿದ್ದರು. ಇವರ ಬಾಗಿಲಿಗೆ ಇನ್ನೂ ನಿಂತಿರಲಿಲ್ಲ. ಗಂಡಹೆಂಡಿರು ಜೋಡಿಯಾಗಿ ಕಲಶ ಹಿಡಿದು ನಿಂತರೆ ಇವತ್ತಾದರೂ ನಿಂತಾರು ಎಂಬುದು ವಿಧವೆ ಸಾವಕ್ಕನ ಆಸೆ. ಸೂತಕದ ಕೈಯಿಂದ ಆಹಾರ ಕೊಡುವಂತಿಲ್ಲ. ಆದರೆ ಸುದ್ದಿ ಕಿವಿಗೆ ಬೀಳುವವರೆಗೆ ಸೂತಕವೂ ಇಲ್ಲ.

ಶಾಂತವ್ವ ಕಲಶ ಹಿಡಿದು ಬಾಗಿಲಿಗೆ ಬಂದಳು. ಗಂಡ ಪಾರಿಸಪ್ಪ ಆಗಲೇ ನಿಂತಿದ್ದ.

"ಖರೆ ಹೇಳ್ರಿ. ನಮ್ಮವ್ವ ಅದಾಳೋ ಇಲ್ಲೋ?"

ಅವನು ಓಣಿಯ ಕಡೆ ನೋಡಿದ. "ಈಗ ಕೇಳಬ್ಯಾಡ."

"ಹೋದವಾರ ಸಂತ್ಯಾಗ ನಮ್ಮೂರವರು ಸಿಕ್ಕಿದ್ರು. ಅವ್ವ ಛಲೋ ಅದಾಳ, ಹಪ್ಪಳ ಮಾಡಾಕತ್ತಾಳ ಅಂದ್ರು. ಹಪ್ಪಳ ಮಾಡಾಕಿಗೆ ಏನಾತು?"

ಅವಳ ಎದೆಯೊಳಗೆ ಅಳುವಿಗಿಂತ ಮೊದಲು ಬೆಂಕಿ ಎದ್ದಿತು. ಹೆಣವನ್ನು ಮಧ್ಯಾಹ್ನ ಮೀರಿ ಇಡುವುದಿಲ್ಲ. ಈಗಲೇ ಬಂಡಿ ಹೂಡಿದರೆ ಮುಖ ಸಿಕ್ಕೀತು.

"ಬಂಡಿ ಹೂಡಸ್ರಿ."

ಒಳಗಿನಿಂದ ಸಾವಕ್ಕ ಸಿಡಿದಳು. "ಏನ್ ಅವಸರ ಬೇ ನಿಂದು? ಸತ್ತಾಕಿ ಎದ್ದು ಓಡಿ ಹೋಗ್ತಾಳೇನು? ಒಂದು ತಾಸು ತಡಿಯಾಕ ಆಗೂದಿಲ್ಲ?"

ಅಂದವಳು ಬಾಯಿಗೆ ಸೆರಗು ಒತ್ತಿಕೊಂಡಳು. ಪಾರಿಸಪ್ಪ ಕಣ್ಣು ಮುಚ್ಚಿದ.

"ಬಿತ್ರೀ ಅತ್ತಿ," ಅಂದಳು ಶಾಂತವ್ವ. "ಈಗ ನನ್ನ ಕಿವಿಗೆ ಬಿತ್ತು."

ಓಣಿಯ ತಿರುವಿನಲ್ಲಿ ಮುನಿಗಳ ಕೈಯ ನವಿಲುಗರಿಯ ಪಿಂಛಿ ಕಾಣಿಸಿತು. ಅವರನ್ನು ಆಹಾರಕ್ಕೆ ಕರೆಯುವ "ನಮೋಸ್ತು, ನಮೋಸ್ತು" ಎಂಬ ಕೂಗು ಮನೆಮನೆಯಿಂದ ಎದ್ದಿತು.

"ಕಲಶ ಎತ್ತಿ ಹಿಡಿ, ಶಾಂತಾ," ಪಾರಿಸಪ್ಪ ಹಲ್ಲು ಕಚ್ಚಿ ಅಂದ. "ಊರ ಮುಂದ ನನ್ನ ಮಾನ ಕಳೀಬ್ಯಾಡ."

"ಸೂತಕದ ಕೈಲೆ ಮುನಿಗಳಿಗೆ ನೀರು ಬಿಡ್ಲೇನು? ಆ ಪಾಪ ನೀವು ಹೊತ್ಕೋತೀರಿ? ನನ್ನ ಕಿವಿ ಮುಚ್ಚಿ ಪುಣ್ಯಾ ಗಳಸವ್ರು ನೀವ್ಯಾರ್ರಿ?"

ಕಲಶವನ್ನು ಹೊಸ್ತಿಲ ಬದಿಗಿಟ್ಟು ಅವಳು ಹಿತ್ತಲಿಗೆ ನಡೆದಳು. ಬೆನ್ನ ಹಿಂದೆ ನೆರೆಮನೆಯವರ ನಮೋಸ್ತು ಗಟ್ಟಿಯಾಯಿತು. ಮುನಿಗಳು ಅಲ್ಲಿ ನಿಂತಿರಬೇಕು. ಉಪವಾಸ ಹೋಗಲಿಲ್ಲವಲ್ಲ ಎಂದು ಅಷ್ಟರಲ್ಲೂ ಸಮಾಧಾನವಾಯಿತು.

ದಶರಥನೇ ಬಂಡಿ ಹೂಡಿದ. ದಾರಿಯಲ್ಲಿ ಜಮಖಂಡಿ ಸಂಸ್ಥಾನದ ಸುಂಕದ ನಾಕೆಯವನು ಬಂಡಿ ತಡೆದು, "ಏನ್ ಮಾಲು?" ಅಂದ.

"ಮಾಲಿಲ್ಲ. ಅವ್ವನ ಮುಖಾ ನೋಡಾಕ ಹೊಂಟೇನಿ. ಅದಕ್ಕೂ ಯಾರದರೆ ಅಪ್ಪಣಿ ಬೇಕೇನು?"

ಅವನು ಸರಿದು ದಾರಿ ಬಿಟ್ಟ.

ಬನಹಟ್ಟಿಯ ಮನೆಯ ಮುಂದೆ ಚಟ್ಟ ಸಿದ್ಧವಾಗಿತ್ತು. ಅಣ್ಣ ಮುಖದ ಮೇಲಿನ ಬಟ್ಟೆ ಸರಿಸಿದ. ಮಾಳಿಗೆಯ ಮೇಲೆ ಅವ್ವ ಮೊನ್ನೆ ಹಾಸಿದ್ದ ಹಪ್ಪಳ ಯಾರೂ ತೆಗೆಯದೆ ಬಿಸಿಲಿಗೆ ಮುದುರಿದ್ದವು.

"ಒಬ್ಬಾಕಿನ ಬಂದಿಯಲ್ಲ," ಅಣ್ಣ ಕೇಳಿದ, "ಅತ್ತಿಮನ್ಯಾಗ ಹೇಳಿ ಬಂದಿಯಿಲ್ಲ?"

ಶಾಂತವ್ವ ಅವ್ವನ ತಣ್ಣಗಿನ ಗಲ್ಲದ ಮೇಲೆ ಕೈಯಿಟ್ಟಳು.

"ಹೇಳೇನಿ," ಅಂದಳು. "ಅವರೇ ನನಗ ಹೇಳಿರಲಿಲ್ಲ."